ಬೀಗರ ಮನೆಗೆ ಹೋದ ನೀಲಿ ಡ್ರಮ್ಮು

ಗಾಬರಿಯಾಗುವುದು ನನ್ನ ಜಾತಕದಲ್ಲೇ ಇಲ್ಲ ಎಂದು ಎಪ್ಪತ್ತೆರಡು ವರ್ಷ ನಂಬಿಕೊಂಡು ಬಂದವನು ನಾನು. ಗಾಬರಿ ಮಾಡಿಸುವುದು ನನ್ನ ಕೆಲಸ, ಆಗುವುದು ಉಳಿದವರ ಕೆಲಸ. ರಾಯಚೂರಿನ ರೈಸ್ ಮಿಲ್ಲಿನಲ್ಲಿ ಸ್ಟೋರ್ ನೋಡಿಕೊಂಡಿದ್ದಾಗ ಮಾಲೀಕರ ಮೇಜಿನ ಖಾನೆಯಲ್ಲಿ ಕಪ್ಪೆ ಬಿಟ್ಟು, ಆಮೇಲೆ ಅದನ್ನು ಹಿಡಿದುಕೊಟ್ಟ ಧೈರ್ಯಕ್ಕೆ ಅವರ ಕೈಯಿಂದಲೇ ಶಾಲು ಹೊದಿಸಿಕೊಂಡಿದ್ದೇನೆ. ಮದುವೆಯಾದ ಹೊಸತರಲ್ಲಿ ದೇವದುರ್ಗದ ಅತ್ತೆಮನೆಗೆ ಹೋಗಿ, ಎರಡು ದಿನ ಕಿವಿ ಮಂದವಾದವನಂತೆ ಕುಳಿತು, ಮೂರನೆಯ ದಿನ ಊಟದ ಹೊತ್ತಿಗೆ ನನ್ನ ಮೂಗಿನ ಬಗ್ಗೆ ಯಾರು ಯಾರು ಏನೇನು ಅಂದರೆಂದು ಸಾಲಾಗಿ ಒಪ್ಪಿಸಿದ್ದೆ. ಅತ್ತೆಯವರ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ಇಂಥ ನನಗೆ ಒಂದು ಖಾಲಿ ಡ್ರಮ್ಮು ತಂದ ಗತಿಯನ್ನು ಹೇಳುತ್ತೇನೆ. ನೀವು ನಗಬಹುದು. ನಮ್ಮ ಬೀಗರು ಈಗಾಗಲೇ ನಕ್ಕು ಮುಗಿಸಿದ್ದಾರೆ.

ನಮ್ಮ ಕಡೆ ಬೀಗರೆಂದರೆ ಚೇಷ್ಟೆಗೆ ಲೈಸೆನ್ಸ್ ಇದ್ದ ಹಾಗೆ. ಹೋಳಿಗೆಯೊಳಗೆ ಹತ್ತಿ ಇಟ್ಟು ಬಡಿಸಿದರೂ ಸಿಟ್ಟಾಗುವಂತಿಲ್ಲ. ನನ್ನ ಮಗಳು ಅನ್ನಪೂರ್ಣಳನ್ನು ಮಾನ್ವಿ ತಾಲೂಕಿನ ಮಲ್ಲಟಕ್ಕೆ ಕೊಟ್ಟಿದ್ದೇನೆ. ಅವಳ ಮಾವ ವೀರಭದ್ರಪ್ಪನವರು ನನ್ನಷ್ಟೇ ಘಾಟಿ ಮನುಷ್ಯ. ನನಗಿಂತ ಹೆಚ್ಚು ಅಂತ ಈ ಪ್ರಬಂಧ ಮುಗಿಯುವವರೆಗೆ ಒಪ್ಪಲಾರೆ. ಅಲ್ಲಿ ನಲ್ಲಿ ಬರುವುದು ದಿನ ಬಿಟ್ಟು ದಿನ. ನೀರು ತುಂಬಿಡಲು ದೊಡ್ಡದೊಂದು ಡ್ರಮ್ಮು ಬೇಕು ಅಂತ ಮಗಳು ಅಂದಿದ್ದಳು. ರಾಯಚೂರಿನ ಗುಜರಿ ಅಂಗಡಿಯಲ್ಲಿ ಆನೆಮರಿಯಂಥ ನೀಲಿ ಡ್ರಮ್ಮು ಸಿಕ್ಕಿತು. "ಗಡಿ ಆಚಿ ಫ್ಯಾಕ್ಟ್ರಿ ಮಾಲು ಐತ್ರಿ, ಕೃಷ್ಣಾ ದಾಟಿ ಬಂದದ," ಎಂದ ಅಂಗಡಿಯವನು, ಹೆಣ್ಣಿನ ಕಡೆಯವರ ಮನೆತನ ಹೊಗಳುವವನ ಹಾಗೆ.

ಡ್ರಮ್ಮಿನ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿತ್ತು. ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು, ಸುತ್ತ ಇರುವೆ ಸಾಲಿನಂಥ ಇಂಗ್ಲಿಷು. ಆ ಬುರುಡೆಯನ್ನು ನೋಡಿದವನಿಗೆ ಅಪಾಯ ನೆನಪಾಗಬೇಕಿತ್ತು. ನನಗೆ ನೆನಪಾದದ್ದು ವೀರಭದ್ರಪ್ಪನವರು. ಹಸಿ ಬಟ್ಟೆ ಹೊದಿಸಿ, ತುದಿ ಹರಿಯದ ಹಾಗೆ ಚೀಟಿಯನ್ನು ಕಿತ್ತೆ. ಡ್ರಮ್ಮಿನೊಳಗೆ ಒಂಥರಾ ವಾಸನೆಯಿತ್ತು. ಸೋಪು, ಹುಣಸೆಹಣ್ಣು, ಮತ್ತೆ ಸೋಪು ಹಾಕಿ ಮೂರು ಸಲ ತೊಳೆದು, ನೀರು ವ್ಯರ್ಥವಾಗಬಾರದೆಂದು ನನ್ನ ಹೆಂಡತಿಯ ಕರಿಬೇವಿನ ಗಿಡಕ್ಕೆ ಸುರಿದೆ. ಮಲ್ಲಟಕ್ಕೆ ಹೋಗಿ ಡ್ರಮ್ಮು ಒಪ್ಪಿಸಿ, ಊಟವಾದ ಮೇಲೆ ಬೀಗರು ಪಡಸಾಲೆಯಲ್ಲಿ ಬೋರಲಾಗಿ ಮಲಗಿದ್ದಾಗ ಚೀಟಿಯನ್ನು ಅವರ ಬೆನ್ನಿಗೆ ಮೆತ್ತಿದೆ. ಎದ್ದವರು ಹಾಗೆಯೇ ಚಹಾದ ಅಂಗಡಿಗೆ ಹೋಗಿ, ಇಡೀ ಕಟ್ಟೆ ಯಾಕೆ ನಗುತ್ತಿದೆ ಎಂದು ತಿಳಿಯದೆ ತಾವೂ ಜೊತೆಗೆ ನಕ್ಕು ಬಂದರು. ಆ ಕಥೆಯನ್ನು ರಾಯಚೂರಿನಲ್ಲಿ ಎಂಟು ದಿನ, ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಒಂಬತ್ತನೆಯ ದಿನ ಅದನ್ನು ಕೇಳಲು ಸಿಕ್ಕಿದವಳು ನನ್ನ ತಮ್ಮನ ಮಗಳು ರೇಣುಕಾ. ಅವಳು ಒಂದು ಔಷಧದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಂದ ಹೊರಬೀಳುವ ವಿಷದ ಕಸ ಎಲ್ಲಿಗೆ, ಯಾವ ಗಾಡಿಯಲ್ಲಿ, ಯಾರ ಕೈಗೆ ಹೋಯಿತು ಎಂದು ಕಾಗದ ಬರೆಯುವುದು ಅವಳ ಉದ್ಯೋಗ. "ಕಸಕ್ಕ ಟಿಕೀಟು ಹರಿಯೋ ಕಂಡಕ್ಟರ್ ಬಂದ್ಳು," ಎಂದು ನಾನು ಯಾವಾಗಲೂ ಕಾಡುತ್ತೇನೆ. ಅವತ್ತೂ ಕಾಡಿದೆ.

"ನಗ್ರಿ ದೊಡ್ಡಪ್ಪ," ಎಂದಳು. "ನೀವು ಹೈದರಾಬಾದಿಗೆ ಹೋಗಬೇಕಂದ್ರ ಯಾರನ್ನೂ ಕೇಳಂಗಿಲ್ಲ. ನಮ್ಮ ಕಸ ಹೋಗಬೇಕಂದ್ರ ಎರಡೂ ರಾಜ್ಯದಾಗ ಕೇಳಬೇಕು. ಏಳು ಪ್ರತಿ ಕಾಗದ, ಏಳೂ ಬ್ಯಾರೆ ಬ್ಯಾರೆ ಬಣ್ಣ."

"ದೇಶ ಬಿಟ್ಟು ಹೋಗಬೇಕಂದ್ರ?"

"ಆ ದೇಶದವ್ರು ಹೂಂ ಅಂತ ಬರದು ಕೊಡಬೇಕು. ಹೊರಗಿಂದು ನಮ್ಮ ದೇಶಕ್ಕ ತಂದು ಸುಮ್ನ ಸುರಿಯಂಗಂತೂ ಇಲ್ಲೇ ಇಲ್ಲ. ಕದ್ದು ತಂದ್ರ, ತಂದವನ ಖರ್ಚಿನಾಗ ವಾಪಸ್ ಹೋಗಬೇಕು."

ಮಗಳನ್ನು ಕೊಡುವಾಗ ನಾನು ಇಷ್ಟು ವಿಚಾರಿಸಿರಲಿಲ್ಲ. ಆದರೂ ಜಂಬ ಬಿಡಬೇಕಲ್ಲ. "ನಿಮ್ಮ ಏಳು ಬಣ್ಣ ನೀವ ಇಟ್ಕೊರ್ರಿ. ಒಂದೂ ಕಾಗದ ಇಲ್ಲದ ಕೃಷ್ಣಾ ದಾಟಿ ಬಂದ ಡ್ರಮ್ಮು ನಮ್ಮ ಬೀಗರ ಮನ್ಯಾಗ ಕುಂತದ," ಎಂದು ಬುರುಡೆಯ ಕಥೆಯನ್ನು ಅಭಿನಯದ ಸಮೇತ ಹೇಳಿದೆ. ಬೀಗರು ನಕ್ಕ ಜಾಗಕ್ಕೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ರೇಣುಕಾ ನಗಲಿಲ್ಲ.

"ದೊಡ್ಡಪ್ಪ, ಆ ಡ್ರಮ್ಮಿನಾಗ ಏನಿತ್ತು?"

"ಏನೂ ಇದ್ದಿದ್ದಿಲ್ಲ. ಮೂರು ಸಲ ತೊಳದೀನಿ, ಖಾಲಿ."

"ಖಾಲಿ ಆಗೋಕಿಂತ ಮದಲು? ಅಂಥಾ ಖಾಲಿ ಡ್ರಮ್ಮೂ ಕಾನೂನಿನಾಗ ವಿಷದ ಕಸನ. ಮೂರು ಸಲ ಅಲ್ಲ, ಮೂವತ್ತು ಸಲ ತೊಳದ್ರೂ ಅದರಾಗ ನೀರು ಇಡಬಾರದು. ಆ ಚೀಟಿ ಅದಕ್ಕ ಇರತದ. ಅದನ್ನ ನೀವು ಕಿತ್ತೀರಿ."

ನನ್ನ ಕಣ್ಣು ತಾನಾಗಿಯೇ ಅಂಗಳಕ್ಕೆ ಹೋಯಿತು. ಕರಿಬೇವಿನ ಗಿಡದಲ್ಲಿ ಒಂದೂ ಹಸಿರು ಎಲೆಯಿರಲಿಲ್ಲ. ನಾಲ್ಕು ದಿನದಿಂದ ನನ್ನ ಹೆಂಡತಿ ಅದಕ್ಕೆ ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಿದ್ದಳು. ನಾನೂ ಹೌದೌದು ಅಂದಿದ್ದೆ. ಮಲ್ಲಟದ ಆ ಮನೆಯಲ್ಲಿ ನನ್ನ ಮೂರು ವರ್ಷದ ಮೊಮ್ಮಗಳಿದ್ದಾಳೆ. ಲೋಟ ಸಿಕ್ಕರೆ ಸಾಕು, ತಾನೇ ನೀರು ಮೊಗೆದು ಕುಡಿಯುವ ಹುಡುಗಿ.

ಫೋನ್ ಮಾಡಿದೆ. ಮಗಳು ಎತ್ತಲಿಲ್ಲ. ಬೀಗರು ಎತ್ತಿದರು.

"ಬೀಗ್ರ, ಆ ಡ್ರಮ್ಮಿನ ನೀರು ಯಾರೂ ಮುಟ್ಟಬ್ಯಾಡ್ರಿ. ಅದರಾಗ ವಿಷ ಅದ."

ಆ ಕಡೆಯಿಂದ ವೀರಭದ್ರಪ್ಪನವರ ನಗು. "ಬರ್ರಿ ಬೀಗ್ರ, ಇವತ್ತ ಹೊಸಾದು ತಂದೀರಿ. ಎಂಟು ದಿನ ಆತು, ಅದ ನೀರು ಕುಡ್ಯಾಕತ್ತೀವಿ. ಸಕ್ಕರಿ ಹಾಕಿದಂಗ ಅದ. ನಿಮ್ಮ ಮೊಮ್ಮಗಳಿಗಂತೂ ಬ್ಯಾರೆ ನೀರು ಸೇರವಲ್ದು."

"ಖರೇ ಹೇಳಾಕತ್ತೀನ್ರಿ. ನನ್ನ ಮಾತು ನಂಬ್ರಿ."

"ಬೆನ್ನು ನೋಡ್ಕೊಂಡು ನಂಬತೀನಿ ತಗೋರಿ," ಎಂದು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಎಪ್ಪತ್ತೆರಡು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು ಆವತ್ತು ಕೈಕೊಟ್ಟಿತು. ಕಾಲಿಗೆ ಬೇರೆ ಬೇರೆ ಜೋಡಿಯ ಒಂದೊಂದು ಚಪ್ಪಲಿ ಮೆಟ್ಟಿಕೊಂಡು ಮಾನ್ವಿ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆ. ನೀರು ಕಂಡಲ್ಲೆಲ್ಲ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಬಾಟಲಿ ಎತ್ತಿ ನೀರು ಕುಡಿದಾಗ ಅದನ್ನು ಕಸಿಯಲು ಕೈ ಚಾಚಿಬಿಟ್ಟೆ. ಆಕೆ ಪಾಪ, ಬಾಯಾರಿರಬೇಕೆಂದು ನನಗೂ ಕೊಟ್ಟಳು. ಮಾನ್ವಿಯಲ್ಲಿಳಿದು ಟಂಟಂ ಆಟೋ ಹಿಡಿದು ಮಲ್ಲಟ ಮುಟ್ಟಿದಾಗ ನನ್ನ ನಾಲಿಗೆಯೂ ಕರಿಬೇವಿನ ಗಿಡದ ಹಾಗೆಯೇ ಆಗಿತ್ತು.

ಬೀಗರು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಮುಖ ನೋಡಿದ ಮೇಲೆ ಅವರ ನಗು ಅರ್ಧಕ್ಕೆ ನಿಂತಿತು. "ಅಯ್ಯ, ಖರೇನ?" ಎಂದು ಎದ್ದರು. ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು.

ಡ್ರಮ್ಮು ಗೋಡೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಒಣಗಿ ಭಣಭಣ. ಅದರ ಹೊಟ್ಟೆಯ ಮೇಲೆ, ನಾನು ಕಿತ್ತ ಜಾಗದಲ್ಲೇ, ಅದೇ ಬುರುಡೆಯ ಚೀಟಿ ಮತ್ತೆ ಕುಳಿತಿತ್ತು. ಬೆನ್ನಿನ ಚೀಟಿ ಗೊತ್ತಾದ ದಿನವೇ ಬೀಗರು ಅದಕ್ಕೆ ಅಂಟು ಬಳಿದು ಅಲ್ಲಿ ಹಚ್ಚಿ, "ಡ್ರಮ್ಮು ಕೊಟ್ಟ ಪುಣ್ಯಾತ್ಮರ ಫೋಟೋ," ಎಂದು ಊರಿಗೆಲ್ಲ ತೋರಿಸಿದ್ದರಂತೆ. ಅದನ್ನು ನೋಡಿದವರಲ್ಲಿ ನಗದೆ ಇದ್ದವರು ಬೀಗಿತ್ತಿ ಈರಮ್ಮ ಒಬ್ಬರೇ.

"ನನಗ ಓದಾಕ ಬರಂಗಿಲ್ರಿ," ಎಂದರು ಈರಮ್ಮ. "ಆದ್ರ ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ ಬಾಟ್ಲಿ ಮ್ಯಾಲ ಈ ಮಾರಿ ನೋಡೇನಿ. ಒಂದು ಹನಿ ನೀರು ಹಾಕಾಕ ಬಿಡಲಿಲ್ಲ."

ಮೊಮ್ಮಗಳು ಒಳಗಿನ ಮಣ್ಣಿನ ಗಡಿಗೆಯಿಂದ ಲೋಟದಲ್ಲಿ ನೀರು ತಂದು ಕೊಟ್ಟಳು. ಕುಡಿಯುವಾಗ ಕಣ್ಣಲ್ಲಿ ಯಾಕೋ ನೀರು ಬಂತು. "ಯಪ್ಪಾ, ನೀ ಅಳೋದೂ ನಾಟಕನ?" ಎಂದಳು ಅನ್ನಪೂರ್ಣ. ಹೆತ್ತ ಮಗಳು.

ರೇಣುಕಾ ಫೋನಿನಲ್ಲಿ ಅಪ್ಪಣೆ ಮಾಡಿದಳು: ಡ್ರಮ್ಮನ್ನು ಯಾರೂ ಎಲ್ಲಿಗೂ ಸಾಗಿಸಬಾರದು, ಸರಿಯಾದ ಗಾಡಿ ಬರುವವರೆಗೆ ಮಕ್ಕಳು, ದನ ಹತ್ತಿರ ಸುಳಿಯಬಾರದು. "ಹಂಗಂದ್ರ ತಂದವ್ರ ಕಾಯಬೇಕು," ಎಂದು ಬೀಗರು ಡ್ರಮ್ಮಿನಿಂದ ಹತ್ತು ಮಾರು ದೂರಕ್ಕೆ ನನಗೊಂದು ಹೊರಸು ಮಂಚ ಹಾಕಿಸಿದರು. ಆರು ದಿನ ಕಾದೆ. ಸಿರವಾರದ ಸಂತೆಗೆ ಹೊರಟವರೂ ಹಿತ್ತಲಿಗೆ ಹಾದು, ಒಮ್ಮೆ ಚೀಟಿಯನ್ನು, ಒಮ್ಮೆ ನನ್ನನ್ನು ನೋಡಿ, "ಮೂಗು ಸ್ವಲ್ಪ ಬ್ಯಾರೆ ಅದ," ಎಂದು ಹೋಗುತ್ತಿದ್ದರು.

ಏಳನೆಯ ದಿನ ಗಾಡಿ ಬಂತು. ಜೊತೆಗೆ ರೇಣುಕಾ, ಅವಳ ಏಳು ಬಣ್ಣದ ಕಾಗದ. ಕಟ್ಟೆಯ ಮೇಲೆ ಕುಳಿತು ಒಂದೊಂದೇ ಖಾನೆ ತುಂಬುತ್ತಾ, "ಏನರ ಹೆಚ್ಚುಕಮ್ಮಿ ಆದ್ರ ತುರ್ತಿಗೆ ಫೋನ್ ಮಾಡೋರ ಹೆಸರು?" ಎಂದು ಕೇಳಿದಳು. ಡ್ರಮ್ಮು ತಂದವನು ನಾನು, ಕಾದವನು ನಾನು. ಎದೆ ಸೆಟೆಸಿ ನನ್ನ ನಂಬರು ಶುರು ಮಾಡಿದೆ.

"ಅವರದು ಬ್ಯಾಡ ತಂಗಿ," ಎಂದರು ಈರಮ್ಮ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ. "ಅವರು ಫೋನ್ ಮಾಡಿದ್ರ ಯಾರ ನಂಬತಾರ?"

ರೇಣುಕಾ ನನ್ನ ಕಡೆ ನೋಡಲೂ ಇಲ್ಲ. ವೀರಭದ್ರಪ್ಪನವರ ಹೆಸರು ಬರೆದಳು. ಬಿಳಿ, ಹಳದಿ, ಗುಲಾಬಿ, ಎಲ್ಲ ಹಾಳೆಯನ್ನೂ ನಾನು ಎತ್ತಿ ಎತ್ತಿ ನೋಡಿದೆ. ಏಳರಲ್ಲೂ ಅವರದೇ ಇತ್ತು.