ನರ್ಸಮ್ಮನಿಗೆ ನಮ್ಮ ಬೀದಿ ಕೊಟ್ಟ ಕಾವಲು

ನಮ್ಮ ಬೀದಿಯವರು ಯಾರಿಗಾದರೂ ಸಹಾಯ ಮಾಡ್ತೀವಿ ಅಂತ ಟೊಂಕ ಕಟ್ಟಿ ಹೊರಟರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ತುಮಕೂರಲ್ಲಿ ಶಿರಾ ಗೇಟ್ ಹಿಂದುಗಡೆ ನಮ್ಮ ಮನೆ. ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ, ಒಂದು ಮರೆಯೋ ಅಷ್ಟರಲ್ಲಿ ಇನ್ನೊಂದು. ಎಲ್ಲಾನೂ ನಕ್ಕೊಂಡೇ ಹೇಳ್ತೀನಿ. ನರ್ಸಮ್ಮನ ವಿಷಯ ಮಾತ್ರ ನಗ್ತಾ ಶುರು ಮಾಡಿದ್ರೂ ಮಧ್ಯದಲ್ಲಿ ನಗು ನಿಂತುಹೋಗುತ್ತೆ.

ನರ್ಸಮ್ಮ ಇಂಗ್ಲೆಂಡಿನೋರು. ಚಿಕ್ಕ ವಯಸ್ಸಲ್ಲಿ ಕುಣಿಗಲ್ ಕಡೆ ಒಂದು ಆಸ್ಪತ್ರೇಲಿ ಆರು ವರ್ಷ ನರ್ಸಾಗಿ ಕೆಲಸ ಮಾಡಿದ್ರಂತೆ, ಕನ್ನಡ ಕಲಿತದ್ದೂ ಅಲ್ಲೇ. ಗಂಡ ತೀರಿಕೊಂಡ ಮೇಲೆ, ರಿಟೈರಾಗಿ, ಉಳಿದ ಕಾಲ ಇಲ್ಲೇ ಕಳೀತೀನಿ ಅಂತ ಬಂದು ನಮ್ಮ ಮಹಡಿ ಮನೆ ಬಾಡಿಗೆಗೆ ಹಿಡಿದ್ರು. ಕಣ್ಣು ಮುಚ್ಚಿಕೊಂಡು ಕೇಳಿದ್ರೆ ಕುಣಿಗಲ್ ಸಂತೇಲಿ ಹುರುಳಿಕಾಳು ಮಾರೋ ಹೆಂಗಸು ಮಾತಾಡಿದ ಹಂಗಿರೋದು. ಕಣ್ಣು ಬಿಟ್ರೆ ಬೆಳ್ಳಗೆ, ಟೋಪಿ ಹಾಕ್ಕೊಂಡು ನಿಂತಿರೋರು.

ಅವರಿಗೆ ಒಬ್ಬಳೇ ಮಗಳು, ಅಲ್ಲೇ ಇಂಗ್ಲೆಂಡಲ್ಲಿ. ಅವಳಿಗೊಂದೇ ಚಿಂತೆ: ವಯಸ್ಸಾದ ಜೀವ, ಪರದೇಶ, ಒಂಟಿ ಹೆಂಗಸು, ಕಳ್ಳಕಾಕರು ಬಂದ್ರೆ ಏನು ಗತಿ? "ಒಂದು ವರ್ಷ ಇರು. ಆಮೇಲೆ ನಾನೇ ಬಂದು ನೋಡ್ತೀನಿ. ಸೇಫ್ ಅಲ್ಲ ಅನ್ನಿಸಿದ್ರೆ ಮಾತಾಡದೆ ಜೊತೇಲಿ ಹೊರಡಬೇಕು" ಅಂತ ಅಮ್ಮನ ಹತ್ರ ಮಾತು ತಗೊಂಡಿದ್ಲು. ನರ್ಸಮ್ಮನೂ ಹೂಂ ಅಂದಿದ್ರು. ಹೂಂ ಅಂದ ಮೇಲೆ ಮಾತು ತಪ್ಪೋ ಪೈಕಿ ಅಲ್ಲ ಅವರು.

ಬೀಗದ ಕೈ

ಮಗಳು ಫೋನಲ್ಲಿ ಹೇಳಿದ್ಲು ಅಂತ ನರ್ಸಮ್ಮ ತೆಂಗಿನಕಾಯಿ ಗಾತ್ರದ ಬೀಗ ತಂದು ಹಾಕಿದ್ರು. ಎರಡು ಕೀ. ಒಂದು ಅವರ ಹತ್ರ, ಇನ್ನೊಂದು ನನ್ನ ಹತ್ರ. ನಾನು ಎಲ್ಲಾದರೂ ಮದುವೆ ಮುಂಜಿಗೆ ಹೋದಾಗ ಅವರಿಗೆ ಕೀ ಬೇಕಾದ್ರೆ? ಅದಕ್ಕೆ ನನ್ನ ಕೀಯನ್ನ ಮೆಟ್ಟಿಲ ಕೆಳಗಿನ ಚಪ್ಪಲಿ ಗೂಡಲ್ಲಿ ಇಟ್ಟೆ. ಇಟ್ಟಿದ್ದು ನಾನೇ ಮರೆತುಬಿಟ್ರೆ ಅಂತ ಎದುರುಮನೆ ಟೈಲರ್ ಹೆಂಡತಿಗೆ ಹೇಳಿದೆ. ಅವಳು ಊರಿಗೆ ಹೋಗೋಳಿದ್ಲು, ಹಂಗಾಗಿ ಹೂವಿನವಳಿಗೆ ಹೇಳಿದ್ಲು. ಹೂವಿನವಳು ದಿನಕ್ಕೆ ಮೂವತ್ತು ಮನೆ ತಿರುಗೋಳು.

ಆವತ್ತು ಸಾಯಂಕಾಲ ಮಗಳು ವಿಡಿಯೋದಲ್ಲಿ ಬಂದು, "ಇನ್ನೊಂದು ಕೀ ಯಾರ ಹತ್ರ ಇದೆ?" ಅಂತ ಕೇಳಿದ್ಲಂತೆ. ನರ್ಸಮ್ಮ ಕೆಳಗೆ ಬಂದು ನನ್ನ ಮುಖ ನೋಡಿದ್ರು. "ಅಕ್ಕ, ಯಾರ ಕೈಗೆ ಸಿಗಲ್ಲ ಅಂತ ಕೇಳಿದ್ರೆ ಬೇಗ ಹೇಳಬಹುದಿತ್ತು" ಅಂದ್ರು.

ಪೊಲೀಸು

ಫಾರಿನ್ನೋರು ಬಾಡಿಗೆಗೆ ಬಂದವ್ರೆ ಅಂತ ವಿಚಾರಿಸ್ಕೊಂಡು ಹೋಗೋಕ್ಕೆ ಒಬ್ಬ ಕಾನ್‌ಸ್ಟೇಬಲ್ ಬಂದ್ರು. ಒಳ್ಳೆ ಮನುಷ್ಯ. ನರ್ಸಮ್ಮ ಕಾಫಿ ಕೊಟ್ರು, ಮಾತಿಗೆ ಮಾತು ಬಂದು ಬಿಪಿ ನೋಡೋ ಮಿಷನ್ ತೆಗೆದು ತೋರಿಸಿದ್ರು. ಅಷ್ಟೇ, ಕಾನ್‌ಸ್ಟೇಬಲ್ಲು ವಾರಕ್ಕೊಂದ್ಸಲ ಬರೋಕ್ಕೆ ಶುರು ಮಾಡಿದ್ರು. ಆಮೇಲೆ ಅವರ ತಾಯೀನೂ ಕರ್ಕೊಂಡು ಬಂದ್ರು.

ಒಂದಿನ ಮಗಳು ಫೋನ್ ಮಾಡಿದಾಗ ಅಮ್ಮನ ಬೆನ್ನ ಹಿಂದೆ ಖಾಕಿ ಕಾಣಿಸ್ತು. ಅವಳು ಅಲ್ಲಿ ಕಿರುಚಿದ್ದು ಕೆಳಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದ ನನಗೆ ಕೇಳಿಸ್ತು. "ಪೊಲೀಸ್ ಯಾಕೆ? ಏನು ಹೋಯ್ತು? ಎಷ್ಟು ಜನ ಬಂದಿದ್ರು?" ನರ್ಸಮ್ಮ ಸಮಾಧಾನವಾಗಿ, "ಏನೂ ಹೋಗಿಲ್ಲ ಕಣೇ, ಬಿಪಿ ಜಾಸ್ತಿ ಆಗೈತೆ" ಅಂದ್ರಂತೆ ಅವರ ಭಾಷೇಲಿ. ಯಾರದ್ದು ಅಂತ ಹೇಳೋಕ್ಕೆ ಮರೆತರು. ಮಗಳು ಆಮೇಲೆ ಎರಡು ದಿನ ನಿದ್ದೆ ಮಾಡ್ಲಿಲ್ಲ. ಕಾನ್‌ಸ್ಟೇಬಲ್ ತಾಯಿ ಮಾತ್ರ ಆವತ್ತಿಂದ ಉಪ್ಪಿನಕಾಯಿ ಬಿಟ್ಟು ಆರಾಮಾಗವ್ರೆ.

ಬಾಗಿಲ ಮುಂದಿನ ಗುರುತು

ವರ್ಷ ತುಂಬಿತು, ಮಗಳು ಬಂದ್ಲು. ಎರಡು ವಾರಕ್ಕೆ. ದೂರದಿಂದ ಬಂದ ಮಗು, ನೋಡಿ ಖುಷಿಪಡ್ಲಿ ಅಂತ ನಾನು ಬೆಳಗಾಗೋ ಹೊತ್ತಿಗೆ ಮಹಡಿ ಹತ್ತಿ ಅವರ ಬಾಗಿಲ ಮುಂದೆ ರಂಗೋಲಿ ಬಿಟ್ಟು ಬಂದೆ. ಸ್ನಾನ ಮಾಡಿ ನೋಡ್ತೀನಿ, ಅಳಿಸಿ ಹೋಗೈತೆ. ಬೆಕ್ಕಿನ ಕೆಲಸ ಇರಬೇಕು ಅಂದ್ಕೊಂಡೆ. ಮಾರನೇ ದಿನ ಇನ್ನೂ ದೊಡ್ಡದು ಬಿಟ್ಟೆ. ಅದೂ ಇಲ್ಲ. ಮೂರನೇ ದಿನ ಹಟಕ್ಕೆ ಬಿದ್ದು ನವಿಲು ಬರೆದೆ, ಬಣ್ಣ ತುಂಬಿದೆ.

ನಾಲ್ಕನೇ ದಿನ ನಾನು ಬಗ್ಗಿ ಚುಕ್ಕಿ ಇಡ್ತಿರೋವಾಗ ಬಾಗಿಲು ದಡಾರಂತ ತೆಗೀತು. ಮಗಳು ಒಂದು ಕೈಯಲ್ಲಿ ನೆಲ ಒರೆಸೋ ಕೋಲು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡ್ಕೊಂಡು ನಿಂತವ್ಳೆ. ವಿಷಯ ಏನಂದ್ರೆ, ಕಳ್ಳರು ದೋಚಬೇಕಾದ ಮನೆ ಬಾಗಿಲಲ್ಲಿ ಬಿಳೀ ಗುರುತು ಹಾಕಿ ಹೋಗ್ತಾರೆ ಅಂತ ಎಲ್ಲೋ ಓದ್ಕೊಂಡು ಬಂದಿದ್ಲು ಪಾಪ. ದಿನದಿಂದ ದಿನಕ್ಕೆ ಗುರುತು ದೊಡ್ಡದಾಗ್ತಾ ಹೋಗಿ, ಮೂರನೇ ದಿನ ನವಿಲು ಬಂದಾಗ ದೊಡ್ಡ ಗ್ಯಾಂಗೇ ಇರಬೇಕು ಅಂದ್ಕೊಂಡ್ಲಂತೆ.

ನರ್ಸಮ್ಮ ನಕ್ಕೂ ನಕ್ಕೂ ಗೋಡೆ ಹಿಡ್ಕೊಂಡ್ರು. ನಾನೂ ನಕ್ಕೆ. ಮಗಳು ನಗಲಿಲ್ಲ. ಆವಾಗಲೇ ನನಗೆ ತಿಳೀಬೇಕಿತ್ತು.

ಎಲ್ಲಿಗೆ ಹೊರಟ್ರಿ

ಆಮೇಲೊಂದಿನ ಬಾಳೆಹಣ್ಣು ತರ್ತೀನಿ ಅಂತ ಮಗಳು ಒಬ್ಬಳೇ ಶಿರಾ ಗೇಟಿಗೆ ಹೋದ್ಲು. ನಮ್ಮ ಬೀದೀಲಿ ಯಾರಾದ್ರೂ ಎದುರಿಗೆ ಬಂದ್ರೆ ಎಲ್ಲಿಗೆ ಅಂತ ಕೇಳದೆ ಬಿಡೋರುಂಟಾ? ಕನ್ನಡ ಬರಲ್ಲ ಅಂತ ಗೊತ್ತು, ಹಂಗಾಗಿ ಎಲ್ಲರೂ ತಮಗೆ ಬರೋ ಇಂಗ್ಲಿಷನ್ನೆಲ್ಲ ಹೊರಗೆ ತೆಗೆದರು. "ವೇರ್ ಗೋಯಿಂಗ್?" ಅಂದ ಇಸ್ತ್ರಿಯವನು. "ಅಲೋನ್?" ಅಂದ್ಲು ಹೂವಿನವಳು. "ಮದರ್ ಇನ್ ಹೌಸ್? ಹೌಸ್ ಲಾಕ್?" ಅಂದ ಹಾಲಿನವನು. "ಎಷ್ಟು ಗಂಟೆಗೆ ಕಮಿಂಗ್?" ಅಂತ ಟೈಲರ್ ಹೆಂಡತಿ.

ಹುಡುಗಿ ಬಾಳೆಹಣ್ಣು ತರದೆ ಓಡಿ ಬಂದ್ಲು. ಕಳ್ಳ ಏನೇನು ತಿಳ್ಕೊಬೇಕೋ ಅದನ್ನೆಲ್ಲ ಹತ್ತು ನಿಮಿಷದಲ್ಲಿ ಇಡೀ ಬೀದಿ ಸೇರಿ ಕೇಳಿಬಿಟ್ಟಿತ್ತು!

ನರ್ಸಮ್ಮ ಇಳಿದು ಬಂದು ನನ್ನ ಕೈ ಹಿಡ್ಕೊಂಡ್ರು. "ಅಕ್ಕ, ಅವಳಿರೋ ಇನ್ನೊಂದು ವಾರ ಯಾರೂ ಏನೂ ಕೇಳ್ಬೇಡಿ ಅಂತ ಹೇಳು. ಅವಳು ಹೋದ ಮೇಲೆ ನನ್ನನ್ನ ಎರಡರಷ್ಟು ಕೇಳ್ಲಿ. ನಾನು ಇಲ್ಲೇ ಸಾಯಬೇಕು ಅಂತ ಬಂದಿರೋಳು" ಅಂದ್ರು.

ನಾನು ಮನೆ ಮನೆಗೆ ಹೋಗಿ ಹೇಳಿದೆ. ಮಹಡಿ ಮನೆಗೆ ಯಾರೇ ಬರ್ಲಿ, ಯಾರೇ ಹೋಗ್ಲಿ, ತುಟಿ ಪಿಟಕ್ ಅನ್ನಬಾರದು.

"ಎದುರಿಗೇ ಬಂದುಬಿಟ್ರೆ ಏನಕ್ಕ ಮಾಡೋದು?" ಅಂದ್ಲು ಟೈಲರ್ ಹೆಂಡತಿ. ಅವಳಿಗೆ ಆಗಲೇ ಉಸಿರು ಕಟ್ಟಿದಂಗೆ ಆಗಿತ್ತು.

"ಆಕಾಶ ನೋಡು."

ಮೂರು ದಿನ ಇಡೀ ಬೀದಿ ಆಕಾಶ ನೋಡ್ಕೊಂಡು ನಿಂತಿತ್ತು. ಪಕ್ಕದ ಬೀದಿಯವರು ಮಳೆ ಬರುತ್ತೆ ಅಂತ ಒಣಗಾಕಿದ್ದ ಸಂಡಿಗೆ ಎತ್ತಿಟ್ರು.

ಸೂಟ್‌ಕೇಸು

ಮಗಳಿಗೆ ಆ ಮೂರು ದಿನ ಹಿಡಿಸಿಬಿಟ್ಟಿತು. ಜನ ಒಳ್ಳೆಯವರು, ಅಮ್ಮ ಇಲ್ಲೇ ಇರ್ಲಿ ಬಿಡು ಅನ್ನಿಸ್ತಿದೆ ಅಂದ್ಲಂತೆ. ನರ್ಸಮ್ಮ ಬಂದು ಹೇಳಿದಾಗ ಕಣ್ಣಲ್ಲಿ ನೀರು. ನಾನು ಕಾಯಿ ಒಬ್ಬಟ್ಟು ಮಾಡೋಕ್ಕೆ ಬೇಳೆ ನೆನೆಸ್ತೀನಿ ಅಂತ ಹೊರಟೆ, ಕಾಯಿ ಒಬ್ಬಟ್ಟಿಗೆ ಬೇಳೆ ಬೇಡ ಅನ್ನೋದೂ ಮರೆತು. ಅಷ್ಟು ಸಂತೋಷ.

ಮಾರನೇ ದಿನ ತಾಯಿ ಮಗಳು ಹಳೇ ಆಸ್ಪತ್ರೆ ನೋಡ್ಕೊಂಡು ಬರ್ತೀವಿ ಅಂತ ಕುಣಿಗಲ್ಲಿಗೆ ಹೋದ್ರು. ಮಧ್ಯಾಹ್ನ ಒಂದು ಆಟೋ ಬಂತು. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡ ಹುಡುಗ ಇಳಿದು ನೆಟ್ಟಗೆ ಮಹಡಿ ಹತ್ತಿದ. ಇಸ್ತ್ರಿಯವನು ಆಕಾಶ ನೋಡ್ದ. ಟೈಲರ್ ಹೆಂಡತಿ ಬಾಯಿಗೆ ಸೆರಗು ಇಟ್ಕೊಂಡ್ಲು. ಜಗಲಿ ಮೇಲಿದ್ದ ನಮ್ಮೆಜಮಾನ್ರನ್ನ ಆ ಹುಡುಗ ಮೇಲಿಂದಲೇ ಕೇಳ್ದ: "ತಾತ, ಅಮ್ಮೋರು ಸೂಟ್‌ಕೇಸ್ ತರೋಕ್ಕೆ ಹೇಳಿದ್ರು. ಬೀಗ ಹಾಕೈತಲ್ಲ?"

"ಚಪ್ಪಲಿ ಗೂಡಲ್ಲಿ ಕೀ ಐತೆ ನೋಡಪ್ಪ" ಅಂದ್ರು ನಮ್ಮೆಜಮಾನ್ರು.

ನಾನು ಒಳಗಿಂದ ಬಂದೆ. ಬಿಸಿಲಲ್ಲಿ ಬಂದವ್ನೆ ಅಂತ ಒಂದು ಲೋಟ ಮಜ್ಜಿಗೆ ಕೊಟ್ಟೆ. ಯಾರಪ್ಪ ನೀನು, ಯಾವೂರು ಅನ್ನೋದು ನಾಲಿಗೆ ತುದಿಗೆ ಬಂತು. ಊರಿಗೆಲ್ಲ ಬೇಡ ಅಂದ ನಾನೇ ಕೇಳೋದಾ ಅಂತ ನುಂಗಿಕೊಂಡೆ. ಅದೊಂದು ಮಾತು ನುಂಗಬಾರದಿತ್ತು.

ಸಾಯಂಕಾಲ ತಾಯಿ ಮಗಳು ಬಂದ್ರು. ಅವರು ಯಾರನ್ನೂ ಕಳಿಸಿರಲಿಲ್ಲ. ಮಗಳ ಸೂಟ್‌ಕೇಸು, ಅದರೊಳಗಿದ್ದ ಕಂಪ್ಯೂಟ್ರು, ಬಟ್ಟೆಬರೆ, ಎಲ್ಲಾ ಹೋಯ್ತು. ಅದೇ ಕಾನ್‌ಸ್ಟೇಬಲ್ ಬಂದು ತಲೆ ಕೆರ್ಕೊಂಡ್ರು.

"ತಾತ, ಕೀ ತೋರಿಸಿದ್ದು ನೀವು. ಮಜ್ಜಿಗೆ ಕೊಟ್ಟಿದ್ದು ಅಜ್ಜಿ. ಸೂಟ್‌ಕೇಸ್ ಇಳಿಸಿದ್ದು?"

ನಮ್ಮೆಜಮಾನ್ರು ಬಸ್ ಕಂಡಕ್ಟರಾಗಿ ರಿಟೈರಾದೋರು, ಲಗೇಜ್ ಕಂಡ್ರೆ ಕೈ ತಾನಾಗೇ ಮುಂದೆ ಹೋಗುತ್ತೆ. "ಭಾರ ಇತ್ತು ಸಾರ್, ಒಂದು ಕಡೆ ನಾನು ಹಿಡ್ಕೊಂಡೆ" ಅಂದ್ರು.

"ಅಷ್ಟೇನಾ?"

"ಅಷ್ಟೇ ಸಾರ್. ಆಟೋ ಹೊರಡೋವಾಗ ಹಿಂದಿಂದ ತಟ್ಟಿ ರೈಟ್ ರೈಟ್ ಅಂದೆ."

ಕಾನ್‌ಸ್ಟೇಬಲ್ಲು ಬರೆಯೋದು ನಿಲ್ಲಿಸಿ ಆಚೆ ತಿರುಗಿ ನಿಂತ್ರು, ಭುಜ ಅಲುಗಾಡ್ತಿತ್ತು. ಮಗಳು ಮಾತ್ರ ಅಮ್ಮನ ಕಡೆ ತಿರುಗಿ ಏನೋ ಕೇಳಿದ್ಲು. ನರ್ಸಮ್ಮ ಅದನ್ನ ನಮಗೆ ಕನ್ನಡದಲ್ಲಿ ಹೇಳಿದ್ರು: "ಇಷ್ಟು ಜನ ಇದ್ರಲ್ಲ, ಒಬ್ಬರಾದ್ರೂ ನೀನು ಯಾರು ಅಂತ ಕೇಳ್ಬಾರದಿತ್ತಾ ಅಂತವ್ಳೆ."

"ಕೇಳ್ಬೇಡಿ ಅಂದೋಳು ನಾನೇ ಕಣಮ್ಮ" ಅಂದೆ ನಾನು. ನರ್ಸಮ್ಮ ನನ್ನ ಭುಜದ ಮೇಲೆ ಕೈ ಇಟ್ರು. "ನಿನಗೆ ಹೇಳ್ದೋಳು ನಾನಲ್ವಾ ಅಕ್ಕ" ಅಂದ್ರು. ಮಗಳಿಗೆ ಅವರೇ ಎಲ್ಲಾ ಬಿಡಿಸಿ ಹೇಳಿ ನೋಡಿದ್ರು. ಆದ್ರೆ ಮಾತು ಕೊಟ್ಟಾಗಿತ್ತು. ಮೂರನೇ ದಿನಕ್ಕೆ ಇಬ್ಬರಿಗೂ ಟಿಕೆಟ್ ಆಯ್ತು.

ಏರ್‌ಪೋರ್ಟಿಗೆ ಟ್ಯಾಕ್ಸಿ

ಹೊರಡೋ ದಿನ ಬೆಳಿಗ್ಗೆ ಟ್ಯಾಕ್ಸಿ ಬಂತು. ಡ್ರೈವರ್ ಹುಡುಗ ನರ್ಸಮ್ಮನ ಸೂಟ್‌ಕೇಸಿಗೆ ಕೈ ಹಾಕಿದ್ದೇ ತಡ, ಬೀದಿ ಪೂರ್ತಿ ಬಂದು ಕಾರು ಸುತ್ತುವರೀತು.

"ಯಾರು ನೀನು?"

"ಡ್ರೈವರ್ ಅಣ್ಣ."

"ಯಾವೂರು?"

"ಗುಬ್ಬಿ."

"ಗುಬ್ಬೀಲಿ ಯಾರ ಮಗ? ಅಪ್ಪ ಏನು ಮಾಡ್ತಾರೆ? ಲೈಸೆನ್ಸ್ ತೆಗಿ. ಫೋಟೋದಲ್ಲಿ ಮೀಸೆ ಐತೆ, ಈಗ ಯಾಕಿಲ್ಲ?"

ಆ ಹುಡುಗ ಬೆವೆತು ಹೋದ. ಅಪ್ಪ ಕೊಬ್ಬರಿ ವ್ಯಾಪಾರ ಅಂದ. ಮೀಸೆ ಹೆಂಡತಿ ತೆಗೆಸಿದ್ಲು ಅಂದ. ನಮ್ಮೆಜಮಾನ್ರು ಸೂಟ್‌ಕೇಸಿನ ಹಿಡಿ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟವ್ರೆ. ಅವನು ಆ ಕಡೆ ಎಳೀತಾನೆ, ಇವರು ಈ ಕಡೆ. ನರ್ಸಮ್ಮ ಟೋಪಿ ತೆಗೆದು ಅದರಲ್ಲೇ ಮುಖ ಮುಚ್ಕೊಂಡ್ರು. ಅಳ್ತಿದ್ರೋ ನಗ್ತಿದ್ರೋ ನನಗೆ ಗೊತ್ತಾಗ್ಲಿಲ್ಲ. ಮಗಳ ಮುಖದಲ್ಲೂ ಮೊದಲನೇ ಸಲ ಒಂದು ನಗು ಬಂತು. ಆ ನಗು ಒಂದು ವಾರ ಮುಂಚೆ ಬರಬಾರದಿತ್ತೇ?

ಕೊನೆಗೆ ಡ್ರೈವರ್ ಕೈ ಮುಗಿದ. "ತಾತ, ನಮ್ಮಾವ ಹೆಣ್ಣು ಕೊಡೋವಾಗ್ಲೂ ಇಷ್ಟು ವಿಚಾರಿಸ್ಲಿಲ್ಲ. ಬುಡಿ, ಇನ್ನು ಅರ್ಧ ಗಂಟೆ ಇಲ್ಲೇ ನಿಂತ್ರೆ ಪ್ಲೇನು ಹೊರಟೋಗುತ್ತೆ."

ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

"ಮಾವ ಯಾವೂರೋರು?" ಅಂದ್ಲು ಟೈಲರ್ ಹೆಂಡತಿ.

"ಮಾವನಿಗೆ ಮಕ್ಕಳೆಷ್ಟು?" ಅಂದ ಇಸ್ತ್ರಿಯವನು.

"ಮದುವೆ ಎಲ್ಲಿ ಆಯ್ತು, ಅಡಿಗೆ ಯಾರದ್ದು?" ಅಂದೆ ನಾನು. "ಮೊದಲ ಪಂಕ್ತೀಲಿ ಏನೇನು ಬಡಿಸಿದ್ರು, ನಿಧಾನಕ್ಕೆ ನೆನೆಸ್ಕೊಂಡು ಹೇಳಪ್ಪ."

ಹುಡುಗ ಪಾಪ, ಹೋಳಿಗೆ, ಚಿತ್ರಾನ್ನ, ಹಪ್ಪಳದಿಂದ ಹಿಡಿದು ಎಲೆ ಅಡಿಕೆವರೆಗೂ ಒಂದೂ ಬಿಡದೆ ಹೇಳ್ದ. ಆದ್ರೂ ಪ್ಲೇನು ಸಿಕ್ತಂತೆ.