ರಫ್ತಿನ ಮಾಲು

ಆದದ್ದೆಲ್ಲ ಒಂದು ಮಾತಿನಿಂದ. 'ವ್ಯಾಪಾರ' ಅನ್ನೋ ಮಾತಿನಿಂದ.

ಎಪ್ಪತ್ತೊಂಬತ್ತನೇ ಇಸವಿ, ಸೋಮವಾರ ಬೆಳಿಗ್ಗೆ. ಮಾಯಸಂದ್ರದ ಪಕ್ಕದ ಹಳ್ಳಿಯಲ್ಲಿದ್ದ ಕಾಡಸಿದ್ದಪ್ಪನ ಮನೆಗೆ ತುರುವೇಕೆರೆಯ ತೋಟಗಾರಿಕೆ ಆಫೀಸಿನ ಜವಾನ ಬಂದ. "ಮಧ್ಯಾಹ್ನ ಲಂಕೆಯಿಂದ ಇಬ್ರು ದೊಡ್ಡೋರು ತೆಂಗಿನಕಾಯಿ ವ್ಯಾಪಾರಕ್ಕೆ ಬತ್ತಾವ್ರೆ. ನಿಮ್ಮ ಅಟ್ಟ ತೋರಿಸ್ಬೇಕಂತೆ, ಸಾಹೇಬ್ರು ಹೇಳವ್ರೆ" ಅಂದವನೇ ಸೈಕಲ್ ಹತ್ತಿ ಹೊರಟ.

ನಮ್ಮ ಸೀಮೆಯಲ್ಲಿ ಕಾಯಿ ವ್ಯಾಪಾರಕ್ಕೆ ಮನೆ ಬಾಗಿಲಿಗೆ ಬಂದವನು ಅಂದರೆ ಕೊಳ್ಳಲು ಬಂದವನು. ಅದಕ್ಕೆ ಇನ್ನೊಂದು ಅರ್ಥ ಇದ್ದೀತು ಅಂತ ಕಾಡಸಿದ್ದಪ್ಪನ ತಾತನಿಗೂ ಹೊಳೆದಿರಲಿಲ್ಲ.

ಸುದ್ದಿ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ನಾಲ್ಕು ಸಾವಿರ ಕಾಯಿ ಉಂಡೆಕೊಬ್ಬರಿಯಾಗಲು ಕೂತು ಹನ್ನೊಂದು ತಿಂಗಳಾಗಿತ್ತು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತಿತ್ತು. ಇನ್ನೂ ಒಳ್ಳೆ ಗಿರಾಕಿ ಬರಲಿ, ಇನ್ನೂ ಒಳ್ಳೆ ಗಿರಾಕಿ ಬರಲಿ ಅಂತ ಇವನು ಇಳಿಸಿರಲಿಲ್ಲ. ಹೋದ ವಾರ ಹಲಗೆಯ ಸಂದಿಯಿಂದ ಒಂದು ಕಾಯಿ ಜಾರಿ ನೇರವಾಗಿ ಹುರುಳಿ ಸಾರಿನ ಗಡಿಗೆಯ ಮೇಲೆ ಬಿತ್ತು. ಅವನ ಹೆಂಡತಿ ವಿಮಲಮ್ಮ ಗಡಿಗೆ ಚೂರು ಆಯ್ದು ತಿಪ್ಪೆಗೆ ಎಸೆದು ಬಂದು ಹೇಳಿದ್ದಳು:

"ಬರೋ ಸೋಮವಾರದೊಳಗೆ ಅಟ್ಟ ಖಾಲಿಯಾಗ್ಬೇಕು ನೋಡ್ರೀ. ಇಲ್ಲಾಂದ್ರೆ ನಾನು ಕಂದಿಕೆರೆಗೆ ಹೋಯ್ತೀನಿ, ನಮ್ಮವ್ವನ ಮನೆಗೆ."

"ನಿನ್ನ ಟ್ರಂಕು ಅಟ್ಟದಲ್ಲಿ ಕಾಯಿ ಹಿಂದೆ ಅದೆ ಕಣೇ" ಅಂದಿದ್ದ ಕಾಡಸಿದ್ದಪ್ಪ.

ಕಾಯಿ ಇಳಿಯದೆ ಟ್ರಂಕು ಇಳಿಯದು, ಟ್ರಂಕು ಇಳಿಯದೆ ಹೆಂಡತಿ ಹೊರಡಳು. ಇದು ಅವನ ಧೈರ್ಯ. ಆದರೂ ಒಂದು ವಾರದಿಂದ ಅವಳು ಮುದ್ದೆಯನ್ನು ತಟ್ಟೆಗೆ ಇಡದೆ ಎಸೆಯುತ್ತಿದ್ದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳಿಲ್ಲದೆ ಒಂದು ದಿನ ಇದ್ದವನಲ್ಲ ಅವನು. ನೀರು ಕಾಯಿಸಲೂ ಬಾರದು. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಹತ್ತು ಗಂಟೆಗೆ ಕೊಬ್ಬರಿ ವ್ಯಾಪಾರಿ ಮರುಳಪ್ಪ ಎತ್ತಿನ ಗಾಡಿ ಹೊಡೆದುಕೊಂಡು ಬಂದ.

"ಲೇ ಸಿದ್ದ, ಇಳಿಸ್ಲಾ ಕಾಯಿನ. ಇವತ್ತು ಅಷ್ಟೂ ಎತ್ಕೊಂಡು ಹೋಯ್ತೀನಿ."

"ನಂದೀಗ ರಫ್ತಿನ ಮಾಲು ಕಣ್ಲಾ. ಲಂಕೆಗೆ ಹಡಗು ಹತ್ತೋ ಕಾಯಿ. ನಿನ್ನ ಗಾಡಿಗೆ ಹತ್ತಾಕಿಲ್ಲ."

ಮರುಳಪ್ಪ ತಲೆ ಕೆರೆದುಕೊಂಡ. "ಲಂಕೆಯೋರಿಗೆ ಕಾಯಿ ಯಾಕ್ಲಾ? ಅಲ್ಲೇ ಬೇಕಾದಂಗೆ ಬೆಳೀತದಂತಲ್ಲ?"

"ಬೆಳೆದಿದ್ರೆ ಇಲ್ಲಿಗ್ಯಾಕ್ಲಾ ವ್ಯಾಪಾರಕ್ಕೆ ಬತ್ತಿದ್ರು?"

ಮರುಳಪ್ಪ ಗಾಡಿ ತಿರುಗಿಸಿ ಹಿಂದಿನ ಬೀದಿಯ ಕೆಂಚಪ್ಪನ ಮನೆ ಮುಂದೆ ನಿಲ್ಲಿಸಿದ.

ಅಷ್ಟರಲ್ಲಿ ಎದುರುಮನೆಯ ಶ್ರೀರಂಗಯ್ಯ ಬಂದರು. ರಿಟೈರಾದ ಮೇಷ್ಟ್ರು. ಕೇಳದಿದ್ದರೂ ಬುದ್ಧಿ ಹೇಳುವುದು ಅವರಿಗೆ ಪೆನ್ಷನ್ ಜೊತೆಗೇ ಬಂದಿತ್ತು.

"ಲಂಕೆಯವರನ್ನ ಯಾವ ದಾರೀಲಿ ಕರೆಸ್ತಿದ್ದೀಯಪ್ಪ?"

"ಊರಬಾಗಿಲ ಕಡೆಯಿಂದ, ಮೇಷ್ಟ್ರೇ."

"ಅಲ್ಲಿ ಆಂಜನೇಯನ ಗುಡಿ ಇದೆ. ನಮ್ಮೋನು ಅವರೂರಿಗೆ ಬೆಂಕಿ ಇಟ್ಟು ಬಂದೋನು ಕಣಯ್ಯ! ವ್ಯಾಪಾರಕ್ಕೆ ಬಂದೋರಿಗೆ ಮೊದಲು ಅವನ ಮುಖ ತೋರಿಸ್ತೀಯಾ?"

ಕಾಡಸಿದ್ದಪ್ಪ, ಮೇಷ್ಟ್ರು ಇಬ್ಬರೂ ಓಡಿಹೋಗಿ ಊರಾಚೆಯೇ ಸಾಹೇಬರ ಜೀಪಿಗೆ ಅಡ್ಡ ನಿಂತು ಅದನ್ನು ತೋಟದ ದಾರಿಗೆ ತಿರುಗಿಸಿದರು. ಜೀಪಿನ ಹಿಂದೆ ಟಾರ್ಪಾಲು ಹೊದಿಸಿದ ಟ್ರೇಲರ್ ಬೇರೆ ಇತ್ತು. ಎರಡೂ ಕೆಂಚಪ್ಪನ ತೋಟದ ಕಾಲುವೆಯಲ್ಲಿ ಹೂತುಕೊಂಡವು. ಸಾಹೇಬರು ಮಂಡಿಯವರೆಗೆ ಕೆಸರಿಗಿಳಿದು ತಳ್ಳಿದರು. ಲಂಕೆಯ ಇಬ್ಬರಲ್ಲಿ ಎತ್ತರದವರ ಒಂದು ಬೂಟು ಕಾಲುವೆಯಲ್ಲೇ ಉಳಿಯಿತು. ಒಂದು ಗಂಟೆ ಹೆಣಗಿ ಜೀಪನ್ನು ಹಿಂದಕ್ಕೆಳೆದು, ಕೊನೆಗೆ ಊರಬಾಗಿಲಿಂದಲೇ ಬಂದರು.

ಗುಡಿ ಮುಂದೆ ಎತ್ತರದವರು ಇಳಿದು, ಉಳಿದಿದ್ದ ಬೂಟನ್ನೂ ಬಿಚ್ಚಿ ಕೈಮುಗಿದರು. ಯಾವ ದೇವರು ಅಂತ ಸಾಹೇಬರ ಮೂಲಕ ಕೇಳಿಸಿದರು.

"ಗಣಪತಿ ಅನ್ನಿ, ಗಣಪತಿ ಅನ್ನಿ" ಅಂದರು ಶ್ರೀರಂಗಯ್ಯ.

ಎತ್ತರದವರು ವಿಗ್ರಹದ ಬಾಲವನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಜೀಪು ಹತ್ತಿದರು.

ಮನೆಯಲ್ಲಿ ಮಾತ್ರ ಎಲ್ಲ ಸಲೀಸಾಯಿತು. ಬಂದವರು ಏಣಿ ಹತ್ತಿ ಕಾಯಿ ಅಲ್ಲಾಡಿಸಿದರು, ಒಡೆಸಿದರು. ಒಳಗಿಂದ ಉಂಡೆ ಇಡಿಯಾಗಿ ಉರುಳಿ ಬಂತು. ತಿಂದು ತಲೆದೂಗಿದರು. ಕಾಡಸಿದ್ದಪ್ಪ ಅಡಿಗೆಮನೆ ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ವಿಮಲಮ್ಮ ವಾರದ ಮೇಲೆ ಮೊದಲ ಸಲ ನಕ್ಕಳು.

"ಮೂಟೆ ತನ್ರೋ!" ಅಂದರು ಸಾಹೇಬರು, ಜೊತೆಗೆ ಬಂದಿದ್ದ ಜವಾನರಿಗೆ.

ಕಾಯಿ ತುಂಬಲು ಗೋಣಿಚೀಲ ತರಿಸುತ್ತಾರೆ ಅಂದುಕೊಂಡ ಕಾಡಸಿದ್ದಪ್ಪ. ಬಂದದ್ದು ನಾಲ್ಕು ಚೀಲ. ನಾಲ್ಕೂ ತುಂಬಿದ್ದವು.

"ಇದೇನು ಸಾರ್?"

"ಅವರ ದೇಶದ ಕಾಯಿ. ಎರಡು ದೇಶದ ಮಧ್ಯೆ ವ್ಯಾಪಾರ ಬೆಳೀಬೇಕು ಅಂತ ಮಾತಾಗಿದೆ ಕಣ್ರೀ. ಅವರ ಕಾಯಿ ನಮ್ಮದಕ್ಕಿಂತ ಸೋವಿ. ನಮ್ಮ ಅಟ್ಟದಲ್ಲಿ ಅದೂ ಉಂಡೆ ಕಟ್ಟುತ್ತೆ ಅಂತಾದ್ರೆ ಇಲ್ಲೇ ತಂದು ಮಾರ್ತಾರೆ. ಪರೀಕ್ಷೆಗೆ ಒಂದು ಒಳ್ಳೆ ಅಟ್ಟ ಬೇಕಾಗಿತ್ತು. ನಿಮ್ಮದು ಪಾಸು!"

"ವ್ಯಾಪಾರಕ್ಕೆ ಬತ್ತಾವ್ರೆ ಅಂದ್ರಲ್ಲ ಸಾರ್?"

"ಹೌದಪ್ಪ. ಮಾರೋಕೆ."

"ಹಂಗಾರೆ ನನ್ನ ಕಾಯಿ?"

"ಮುಟ್ಟಬೇಡಿ. ಪಕ್ಕದಲ್ಲಿಟ್ಟು ಹೋಲಿಸಿ ನೋಡ್ಬೇಕು. ಹನ್ನೊಂದು ತಿಂಗಳು ಅಷ್ಟೇ."

"ಅಷ್ಟೊತ್ತಿಗೆ ಹುಳ ಬೀಳ್ತದೆ ಸಾರ್!"

"ಅದನ್ನೂ ಬರ್ಕೋತೀವಿ" ಅಂದರು ಸಾಹೇಬರು.

ಜೀಪು ಹೋದದ್ದೇ ತಡ, ಬರ್ಕೊಳ್ಳೋರು ಬರ್ಕೊಳ್ಳಲಿ ಅಂತ ಕಾಡಸಿದ್ದಪ್ಪ ಹಿಂದಿನ ಬೀದಿಗೆ ಓಡಿದ. ಕೆಂಚಪ್ಪನ ಕಾಯಿ ಗಾಡಿ ತುಂಬಿತ್ತು. ಮರುಳಪ್ಪ ಹಗ್ಗ ಬಿಗಿಯುತ್ತಿದ್ದ.

"ಮರುಳ, ನನ್ನವೂ ಹಾಕ್ಕಳ್ಳಾ!"

"ರಫ್ತಿನ ಮಾಲು ನನ್ನ ಗಾಡಿಗೆ ಹತ್ತಾಕಿಲ್ಲ ಬುಡು" ಅಂದು ಮರುಳಪ್ಪ ಎತ್ತಿನ ಬಾಲ ಮುರಿದ.

ಕಾಲೆಳೆಯುತ್ತ ವಾಪಸು ಬಂದು ಅಟ್ಟ ನೋಡಿದ. ಜವಾನರು ಲಂಕೆಯ ಕಾಯಿಯನ್ನೆಲ್ಲ ಸುರಿದು ಟ್ರಂಕಿನ ಮುಂದೆಯೇ ಒಟ್ಟಿದ್ದರು. ಟ್ರಂಕು ಈಗ ಕಣ್ಣಿಗೂ ಬೀಳುತ್ತಿರಲಿಲ್ಲ. ಸದ್ಯ, ಹನ್ನೊಂದು ತಿಂಗಳು ಹೆಂಡತಿ ಎಲ್ಲೂ ಹೋಗುವಂತಿಲ್ಲ ಅಂತ ನಿಟ್ಟುಸಿರು ಬಿಟ್ಟು ಜಗಲಿಗೆ ಬಂದ.

ವಿಮಲಮ್ಮ ಬೀದಿಯಲ್ಲಿದ್ದಳು. ಖಾಲಿಯಾದ ಗೋಣಿಚೀಲವೊಂದನ್ನು ಕೊಡವಿ, ಅದಕ್ಕೆ ಸೀರೆಗಳನ್ನು ತುಂಬಿ, ಬಾಯಿ ಹೊಲಿದು ತಲೆ ಮೇಲೆ ಹೊತ್ತಿದ್ದಳು. ಚೀಲದ ಮೇಲೆ ಇಂಗ್ಲಿಷಿನಲ್ಲಿ ಕಪ್ಪಗೆ ಏನೋ ಬರೆದಿತ್ತು.

"ಕೊಲಂಬೊ" ಅಂತ ಓದಿದರು ಎದುರುಮನೆಯ ಶ್ರೀರಂಗಯ್ಯ. "ಎಲ್ಲಿಗವ್ವ ವಿಮಲಮ್ಮ?"

"ರಫ್ತಿಗೆ, ಮೇಷ್ಟ್ರೇ" ಅಂದು ಅವಳು ಬಸ್ಸಿನ ಕಡೆ ನಡೆದಳು.

ಆ ದಿನ ಕಾಡಸಿದ್ದಪ್ಪನ ಮನೆಯಿಂದ ಆಚೆ ಹೋದ ಮಾಲು ಅದೊಂದೇ.