ಎರ್ಮೆತೆಗೆ ಬೀಳಬೇಕಾಗಿದ್ದ ಶಿಳ್ಳೆ

ಬೋರ್ಗೊ ಸ್ಪಿನೊ ಪುರಸಭೆಯ ಪ್ರಕಾರ ಶ್ರೀ ಎರ್ಮೆತೆ ಬೊನಾಚಿನಿ ಉದಯೋನ್ಮುಖ ಯುವ ಒಪೆರಾ ಗಾಯಕ. ಬರುವ ಅಕ್ಟೋಬರಿಗೆ ಅವನಿಗೆ ಐವತ್ತನಾಲ್ಕು ತುಂಬುತ್ತದೆ. ಈ ಎರಡು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಪುರಸಭೆಯ ಸಂಸ್ಕೃತಿ ಸಮಿತಿ ಸರ್ವಾನುಮತದಿಂದ ನಿರ್ಣಯಿಸಿದೆ.

ಸಮಿತಿಯ ನಿಯಮ ಸರಳ. ಗಾಯಕ ಗೆದ್ದನೋ ಸೋತನೋ ಎಂಬುದನ್ನು ಸಾರ್ವಜನಿಕರು ತೀರ್ಮಾನಿಸುವವರೆಗೆ ಅವನು ಉದಯೋನ್ಮುಖನಾಗಿಯೇ ಇರತಕ್ಕದ್ದು. ಪ್ರತಿ ಜೂನ್ ತಿಂಗಳಲ್ಲಿ ಊರಿನ ಚೌಕದಲ್ಲಿ ಉದಯೋನ್ಮುಖರ ಉಚಿತ ಸಂಗೀತ ಕಾರ್ಯಕ್ರಮ ನಡೆಯುವುದು ಅದಕ್ಕಾಗಿಯೇ. ತೊಂದರೆಯೆಂದರೆ ಸಾರ್ವಜನಿಕರು ತೀರ್ಮಾನಿಸುವುದೇ ಇಲ್ಲ.

ಹಾಗೆಂದು ಈ ಊರಿನವರು ಬಾಯಿಲ್ಲದವರಲ್ಲ. ಒಪೆರಾ ಮಂದಿರದ ಮೇಲಟ್ಟದ ಅಗ್ಗದ ಸೀಟುಗಳಲ್ಲಿ ಕೂರುವ ಕ್ಷೌರಿಕರು, ಅಂಚೆಯವರು, ಹಂದಿತೊಡೆಗೆ ಉಪ್ಪು ಹಚ್ಚುವವರು, ಎಲ್ಲರಿಗೂ ಒಪೆರಾಗಳೆಲ್ಲ ಬಾಯಿಪಾಠ. ಸ್ವರ ಕೂದಲೆಳೆಯಷ್ಟು ಜಾರಿದರೂ ಶಿಳ್ಳೆ. ಇಲ್ಲಿ ಶಿಳ್ಳೆಯೆಂದರೆ ಮೆಚ್ಚುಗೆಯಲ್ಲ, ಮಂಗಳಾರತಿ. ಮಿಲಾನಿನಿಂದ ಬಂದ ಘಟಾನುಘಟಿಗಳು ರಾಜನ ವೇಷ ಕಳಚದೆ ರೈಲು ಹತ್ತಿ ಓಡಿದ್ದುಂಟು. ಆದರೆ ಶಿಳ್ಳೆಯ ಹಕ್ಕು ಟಿಕೆಟ್ಟಿನ ಜೊತೆಗೆ ಬರುವಂಥದ್ದು. ಬಿಟ್ಟಿ ಕೇಳಿದ ಹಾಡಿಗೆ ಹೆಸರಿಡುವುದು, ಊಟಕ್ಕೆ ಕರೆದವರ ಮನೆಯಲ್ಲಿ ಉಪ್ಪು ಕಮ್ಮಿ ಎಂದ ಹಾಗೆ. ಬಿಟ್ಟಿ ಹಾಡಿಗೆ ಬಾಯಿ ತುಂಬ ಶಭಾಷ್ ಅನ್ನುವುದೂ ದಾಕ್ಷಿಣ್ಯದ ಮಾತಾಗಿಬಿಡುತ್ತದೆ. ಹಾಗಾಗಿ ಉಚಿತ ಕಾರ್ಯಕ್ರಮದಲ್ಲಿ ಎಲ್ಲರೂ ಎಲ್ಲರಿಗೂ ಒಂದೇ ಅಳತೆಯ ಚಪ್ಪಾಳೆ ತಟ್ಟಿ ಊಟಕ್ಕೆ ಹೊರಡುತ್ತಾರೆ. ಎರ್ಮೆತೆಯ ಜೊತೆಗಾತಿ, ಉದಯೋನ್ಮುಖ ಗಾಯಕಿ ಡೆಲ್ಫೀನಾ, ಈ ವರ್ಷ ಅಜ್ಜಿಯಾದಳು. ಇಪ್ಪತ್ತರ ಹರೆಯದ ಒಬ್ಬ ಹುಡುಗ ತಾನೂ ಹಾಡುತ್ತೇನೆಂದು ಬಂದಿದ್ದ. ಉದಯೋನ್ಮುಖನಾಗಿ ಅನುಭವ ಸಾಲದೆಂದು ಅವನನ್ನು ವಾಪಸು ಕಳಿಸಲಾಯಿತು.

ಎರ್ಮೆತೆಗೆ ಸಾಕಾಗಿಹೋಗಿತ್ತು. ತಾನು ಗಾಯಕನೋ ಅಲ್ಲವೋ, ಇದೊಂದು ಗೊತ್ತಾಗಿಬಿಟ್ಟರೆ ನೆಮ್ಮದಿಯಾಗಿ ಸಾಯಬಹುದು ಅನ್ನಿಸುತ್ತಿತ್ತು. ಮದುವೆಯ ದಿನ ಮಾವನಿಗೆ ಮಾತು ಕೊಟ್ಟಿದ್ದ: ಜನ ಮೆಚ್ಚಿದರೆ ಮಿಲಾನಿಗೆ ಹೋಗುತ್ತೇನೆ, ಉಗಿದರೆ ಮರುದಿನವೇ ನಿಮ್ಮ ಮಾಂಸದಂಗಡಿಗೆ ಬಂದು ಕೂರುತ್ತೇನೆ. ಮಾವ ಕಾದು ಕಾದು ಕಣ್ಣು ಮುಚ್ಚಿದ್ದರು.

"ರೀ, ಈ ಸಲನಾದ್ರೂ ಒಂದು ಶಿಳ್ಳೆ ಹೊಡೆಸ್ಕೊಂಡು ಬನ್ನಿ," ಎಂದಳು ಹೆಂಡತಿ ಅಮಾಬಿಲೆ, ಹಂದಿತೊಡೆಯನ್ನು ತೆಳ್ಳಗೆ ಕೊಯ್ಯುತ್ತ. "ಅಂಗಡಿಗೆ ಬಂದೋರೆಲ್ಲ ಕೇಳ್ತಾರೆ, ನಿಮ್ಮೆಜಮಾನ್ರು ದೊಡ್ಡೋರಾದ್ಮೇಲೆ ಏನಾಗ್ತಾರೆ ಅಂತ."

ಎರ್ಮೆತೆ ನೇರ ತೆಯೊದೊಲಿಂದಾಳ ಮನೆಗೆ ಹೋದ. ಮೇಲಟ್ಟಕ್ಕೆ ಆಕೆಯೇ ಹಿರಿಯಳು. ಆಕೆಯ ಬೆರಳು ತುಟಿಯ ಹತ್ತಿರ ಬಂದರೆ ವಾದ್ಯದವರು ತಾಳ ತಪ್ಪುತ್ತಿದ್ದರು.

"ನಿಮ್ಮ ಕಾಲಿಗೆ ಬೀಳ್ತೀನಮ್ಮ. ಒಂದೇ ಒಂದು ಶಿಳ್ಳೆ."

"ಬಿಟ್ಟಿ ಹಾಡೋನಿಗೆ ಶಿಳ್ಳೆ ಹೊಡೆದ್ರೆ ಭಾನುವಾರ ಚರ್ಚಿಗೆ ಯಾವ ಮುಖ ಇಟ್ಕೊಂಡು ಹೋಗ್ಲೋ?"

"ಹೋಗ್ಲಿ, ಚೆನ್ನಾಗಿ ಹಾಡ್ತೀನಾ ಇಲ್ವಾ, ಅಷ್ಟಾದ್ರೂ ಹೇಳಿ."

"ಅದನ್ನ ಹೇಳೋಕೂ ಟಿಕೆಟ್ ಬೇಕಪ್ಪ."

ಟಿಕೆಟ್ ಕೇಳಲು ಅವನು ಸಂಸ್ಕೃತಿ ಸಮಿತಿಯ ಅಧ್ಯಕ್ಷ ಉಬಾಲ್ದೊ ಅವರ ಕಚೇರಿಗೆ ಹೋದ. ಅಧ್ಯಕ್ಷರು ಗಾಬರಿಯಾದರು.

"ಉಚಿತ ಕಾರ್ಯಕ್ರಮಕ್ಕೆ ಟಿಕೆಟ್ಟೇ? ಒಂದು ಮಾರಿದ್ರೂ ಉಚಿತ ಅನ್ನೋ ಮಾತು ಬಿದ್ದೋಗುತ್ತೆ. ಮೇಲಿಂದ ಅನುದಾನ ಬರೋದೇ ಆ ಮಾತಿಗೆ ಕಣಯ್ಯಾ, ನಿನ್ನ ಹಾಡಿಗಲ್ಲ. ಏನವಸರ ನಿಂಗೆ? ಚೆನ್ನಾಗಿ ಉದಯಿಸ್ತಾ ಇದ್ದೀಯಲ್ಲ!"

ದಾರಿ ಹೊಳೆದದ್ದು ನೆವಿಯೋನ ಕಾಫಿ ಬಾರಿನಲ್ಲಿ. ಎಲ್ಲ ಕಡೆಯಂತೆ ಅಲ್ಲಿಯೂ ಒಳಗೆ ಕೌಂಟರಿನ ಬಳಿ ನಿಂತು ಕುಡಿದರೆ ಒಂದು ಬೆಲೆ, ಹೊರಗೆ ಚೌಕದಲ್ಲಿ ಮೇಜಿಗೆ ಕೂತು ಕುಡಿದರೆ ಇನ್ನೊಂದು. ಕಾಫಿ ಅದೇ, ಲೋಟವೂ ಅದೇ. ಹೆಚ್ಚಿನ ದುಡ್ಡು ಕುರ್ಚಿಗೆ, ಮತ್ತೆ ಕಣ್ಣೆದುರಿನ ನೋಟಕ್ಕೆ. ಕುರ್ಚಿಗೂ ನೋಟಕ್ಕೂ ದುಡ್ಡು ಕೊಟ್ಟ ಮೇಲೆ ಅದು ಟಿಕೆಟ್ ಅಲ್ಲದೆ ಮತ್ತೇನು? ಎರ್ಮೆತೆ ಈ ವಾದ ಮಂಡಿಸಿದಾಗ ಮೇಲಟ್ಟದವರು ಸಭೆ ಸೇರಿ, ಜಗಳವಾಡಿ, ಕೊನೆಗೆ ಒಪ್ಪಿದರು. ಅನುದಾನಕ್ಕೆ ಧಕ್ಕೆಯಿಲ್ಲವೆಂದು ಖಚಿತವಾದ ಮೇಲೆ ಪುರಸಭೆಯೂ ಪ್ರಕಟಣೆ ಹೊರಡಿಸಿತು:

"ಕಾರ್ಯಕ್ರಮದ ವೇಳೆ ಕುಳಿತು ಕಾಫಿ ಸೇವಿಸುವವರನ್ನು ಪ್ರೇಕ್ಷಕರೆಂದೂ, ನಿಂತು ಸೇವಿಸುವವರನ್ನು ದಾರಿಹೋಕರೆಂದೂ ಪರಿಗಣಿಸಲಾಗುವುದು. ದಾರಿಹೋಕರು ಶಿಳ್ಳೆ ಹೊಡೆಯತಕ್ಕದ್ದಲ್ಲ. ಗೋಡೆಗೆ ಒರಗಿದವರ ವಿಷಯ ಪರಿಶೀಲನೆಯಲ್ಲಿದೆ. ಊಟದ ನಂತರ ಹಾಲು ಬೆರೆಸಿದ ಕಾಫಿ ಕೇಳಿ ಊರಿನ ಮರ್ಯಾದೆ ಕಳೆಯುವವರ ಅಭಿಪ್ರಾಯವನ್ನು ಸಂಗೀತವೂ ಸೇರಿದಂತೆ ಯಾವ ವಿಷಯದಲ್ಲಿಯೂ ಗಣನೆಗೆ ತೆಗೆದುಕೊಳ್ಳಲಾಗುವುದಿಲ್ಲ."

ಕಾರ್ಯಕ್ರಮದ ಸಂಜೆ ಪುರಸಭೆಯ ಉಚಿತ ಕುರ್ಚಿಗಳೆಲ್ಲ ಖಾಲಿ. ಇಡೀ ಊರು ನೆವಿಯೋನ ಮೇಜುಗಳ ಸುತ್ತ ಕಿಕ್ಕಿರಿದಿತ್ತು. ಮೇಜು ಸಾಲದೆ ಜನ ಮನೆಯಿಂದ ಇಸ್ತ್ರಿ ಹಲಗೆ ತಂದುಕೊಂಡಿದ್ದರು. ಪಾಪ, ನೆವಿಯೋ ಇನ್ನೂ ಮೂವತ್ತೊಂದರ ಹುಡುಗ, ಇದ್ದದ್ದು ಒಂದೇ ಯಂತ್ರ. ಕೊನೆಕೊನೆಗೆ ಅವನು ಕೊಟ್ಟ ಕಾಫಿ ತಣ್ಣಗೆ, ತೊಳೆದ ನೀರಿನ ಹಾಗಿತ್ತು.

ಎರ್ಮೆತೆ ವೇದಿಕೆ ಹತ್ತಿ, ಮಗಳನ್ನು ಶಪಿಸುವ ತಂದೆಯ ಹಾಡನ್ನು ಎತ್ತಿಕೊಂಡ. ಪ್ರತಿ ವರ್ಷ ಹಾಡಿದ ಹಾಗೆಯೇ ಹಾಡಿದ. ಮೇಲಿನ ಸ್ವರಕ್ಕೆ ಕೈಚಾಚುವ ಹೊತ್ತಿಗೆ ಸರಿಯಾಗಿ ತೆಯೊದೊಲಿಂದಾ ಒಂದು ಗುಟುಕು ಕಾಫಿ ಹೀರಿ, ಲೋಟ ಕೆಳಗಿಟ್ಟು, ಎರಡು ಬೆರಳು ಬಾಯಿಗಿಟ್ಟಳು. ಚೌಕದ ಪಾರಿವಾಳಗಳೆಲ್ಲ ಹಾರಿಹೋದವು. ಅವಳ ಹಿಂದೆಯೇ ಇಡೀ ಊರು ಶಿಳ್ಳೆ ಹೊಡೆಯಿತು.

ಎರ್ಮೆತೆಯ ಕಣ್ಣು ತುಂಬಿ ಬಂತು. ಹಾಗಾದರೆ ತಾನು ಗಾಯಕನಲ್ಲ! ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಜೀವನದಲ್ಲಿ ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ. ಜನರಿಗೆ ಬಗ್ಗಿ ಬಗ್ಗಿ ನಮಸ್ಕರಿಸಿದ. ಅಮಾಬಿಲೆ ಅಪ್ಪ ಮಾಂಸದಂಗಡಿಯಲ್ಲಿ ತೊಡುತ್ತಿದ್ದ ಮೇಲಂಗಿ ಹಿಡಿದು ವೇದಿಕೆಗೆ ಓಡಿ ಬಂದಳು. "ಬಿತ್ತಲ್ಲ ರೀ, ಕೊನೆಗೂ ಬಿತ್ತಲ್ಲ!" ಎಂದು ಅವನನ್ನು ತಬ್ಬಿಕೊಂಡು ಅತ್ತಳು.

ಆಗ ಬಾರಿನ ಒಳಗಿಂದ ನೆವಿಯೋ ಬಿಕ್ಕುತ್ತ ಬಂದ. "ನನ್ನ ಕಾಫಿಗೆ ಶಿಳ್ಳೆ ಹೊಡೆದ್ಬಿಟ್ರಲ್ಲ!"

ಸಮಿತಿ ಅಲ್ಲಿಯೇ ಸಭೆ ಸೇರಿತು. ಶಿಳ್ಳೆ ಯಾವುದಕ್ಕೆ ಎಂದು ಅಧ್ಯಕ್ಷರು ತೆಯೊದೊಲಿಂದಾಳನ್ನು ವಿಚಾರಿಸಿದರು.

"ಕಾಫಿನೂ ತಣ್ಣಗಿತ್ತು, ಹಾಡೂ ತಣ್ಣಗಿತ್ತು," ಎಂದಳು ಆಕೆ ಪ್ರಾಮಾಣಿಕವಾಗಿ. "ಯಾವುದಕ್ಕೆ ಹೊಡೆದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಸಮಿತಿ ಆಳವಾಗಿ ಚಿಂತಿಸಿ ತೀರ್ಪು ಕೊಟ್ಟಿತು: ಜನ ದುಡ್ಡು ಕೊಟ್ಟದ್ದು ಕಾಫಿಗೆ, ಹಾಡು ಉಚಿತ. ಉಚಿತವಾದದ್ದಕ್ಕೆ ಈ ಊರಿನ ಮರ್ಯಾದಸ್ಥರು ಶಿಳ್ಳೆ ಹೊಡೆಯುವುದಿಲ್ಲ. ಆದ್ದರಿಂದ ಶಿಳ್ಳೆಯೆಲ್ಲವೂ ನೆವಿಯೋಗೆ ಸಲ್ಲತಕ್ಕದ್ದು. ಬೋರ್ಗೊ ಸ್ಪಿನೊದ ಸಾರ್ವಜನಿಕರಿಂದ ತೀರ್ಪು ಪಡೆದ ಕಲಾವಿದನೆಂದು ಅವನನ್ನು ಘೋಷಿಸಲಾಗಿದೆ.

ಎಲ್ಲರಿಗೂ ಇದು ನ್ಯಾಯವೆನಿಸಿತು. ಡೆಲ್ಫೀನಾ ಎಲ್ಲರಿಗಿಂತ ಮೊದಲು ಹೋಗಿ ನೆವಿಯೋನ ಕೈ ಕುಲುಕಿದಳು. ಅಮಾಬಿಲೆ ಮೇಲಂಗಿಯನ್ನು ನೀಟಾಗಿ ಮಡಚಿ, "ಇರ್ಲಿ ಬಿಡಿ, ಮುಂದಿನ ವರ್ಷಕ್ಕೆ ಒಗೆದು ತರ್ತೀನಿ," ಎಂದಳು.

ಮುಂದಿನ ಜೂನ್ ತಿಂಗಳ ಭಿತ್ತಿಪತ್ರದಲ್ಲಿ ನೆವಿಯೋನ ಹೆಸರು ದೊಡ್ಡ ಅಕ್ಷರದಲ್ಲಿದೆ, ಯುವಕರ ಹೆಸರುಗಳು ಕೆಳಗಿವೆ. ಭಿತ್ತಿಪತ್ರ ಅಂಟಿಸಿದ ಬೆಳಿಗ್ಗೆ ಎರ್ಮೆತೆ ಬಾರಿಗೆ ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೌಂಟರಿನ ಮುಂದೆ ನಿಂತ.

"ಮೇಷ್ಟ್ರೇ," ಎಂದ ಮೆಲ್ಲಗೆ, "ಶಿಳ್ಳೆ ಬಿದ್ದಾಗ ಹೇಗನ್ನಿಸ್ತು?"

ನೆವಿಯೋ ಲೋಟ ಒರೆಸುವುದನ್ನು ನಿಲ್ಲಿಸಿ ಅವನನ್ನು ಅಕ್ಕರೆಯಿಂದ ನೋಡಿದ.

"ಹೇಳಿದ್ರೆ ತಿಳಿಯಲ್ಲಪ್ಪ, ಅನುಭವಿಸ್ಬೇಕು. ಬೇಜಾರು ಮಾಡ್ಕೋಬೇಡ ಮರಿ, ನಿನಗಿನ್ನೂ ವಯಸ್ಸಿದೆ."

ಎರ್ಮೆತೆಗೆ ಬಹಳ ಸಮಾಧಾನವಾಯಿತು. ತಣ್ಣಗಿನ ಕಾಫಿಯನ್ನು ನಿಂತೇ ಕುಡಿದು, ಸ್ವರ ಸಾಧನೆಗೆಂದು ಮನೆಗೆ ಹೋದ.